ಬೋಳುದಲೆಯ ಗೊರವಂಕ

ಚಂದಾಪುರದಂತಹ ಊರಂಚಿನ ಬಡಾವಣೆಗಳಲ್ಲಿ, ಹಿತ್ತಿಲಲ್ಲಿ ಒಂದೆರಡು ನುಗ್ಗೆ, ಸೀಬೆ ಮರಗಳನ್ನುಳಿಸಿಕೊಂಡಿರುವ ಶ್ರೋತೃಗಳು ಈ ವಿಚಿತ್ರವನ್ನು ಕಂಡಿರಬಹುದು. ಗೊರವಂಕವೊಂದರ ತಲೆಯ ಮೇಲೆ ಒಂದು ಪುಕ್ಕವೂ ಉಳಿಯದೆ, ಹಳದಿಯ ಚರ್ಮವು ಬಯಲಾಗಿ, ಪುಟ್ಟ ರಣಹದ್ದು ಕುಳಿತಂತೆ ತೋರುತ್ತದೆ. ಅಪಶಕುನವೆಂದು ಕಲ್ಲೆಸೆಯುವವರುಂಟು, ರೋಗವೆಂದು ಮರುಗಿ, ಹಿಡಿದು ಎಣ್ಣೆ ಅರಿಸಿನ ಸವರಲು ಹೊರಡುವ ದಯಾಳುಗಳೂ ಉಂಟು. ಈ ಎರಡನೆಯವರಿಂದ ಹಕ್ಕಿಗಾಗುವ ಅಪಾಯವೇನೂ ಕಡಿಮೆಯದಲ್ಲ.

ಬೆಳೆದು ಮುಗಿದ ಗರಿಯು ನಮ್ಮ ಉಗುರಿನಂತೆ ಕೆರಾಟಿನ್ ಎಂಬ ದ್ರವ್ಯದಿಂದಾದ ನಿರ್ಜೀವ ವಸ್ತು. ಸವೆದರೆ ಅದಕ್ಕೆ ದುರಸ್ತಿಯಿಲ್ಲ, ಬದಲಾಯಿಸುವುದೊಂದೇ ದಾರಿ. ಹಾವು ಪೊರೆ ಬಿಡುವಂತೆ ಹಕ್ಕಿಯು ಗರಿ ಬಿಡುತ್ತದೆ. ಆದರೆ ರೆಕ್ಕೆಯ ಗರಿಗಳೆಲ್ಲ ಒಮ್ಮೆಗೇ ಉದುರಿದರೆ ಹಾರುವುದೆಂತು? ಆದುದರಿಂದ ಅವು ಎಡಬಲಗಳಲ್ಲಿ ಜೊತೆಜೊತೆಯಾಗಿ, ಸರದಿಯ ಮೇಲೆ ಉದುರುತ್ತವೆ. (ಬಾತುಗಳು ಇದಕ್ಕೆ ಹೊರತು, ಅವು ನೀರನ್ನು ನಂಬಿ ಬದುಕಬಲ್ಲವು.) ತಲೆಯ ಪುಕ್ಕಗಳಿಗೆ ಹಾರಾಟದ ಹೊಣೆಯಿಲ್ಲ. ಅವೂ ಸಾಮಾನ್ಯವಾಗಿ ಸರದಿಯಂತೆಯೇ ಬದಲಾಗುವುವಾದರೂ, ಕೆಲವು ಹಕ್ಕಿಗಳಲ್ಲಿ ಎಲ್ಲವೂ ಒಟ್ಟಿಗೆ ಉದುರಿ ತಲೆ ಬೋಳಾಗುತ್ತದೆ. ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಇದು ಬಿಸಿಲಿನ ತಾಪದಿಂದಾದುದಲ್ಲ. ಮರಿ ಸಾಕುವುದಕ್ಕೂ ಗರಿ ಕಟ್ಟುವುದಕ್ಕೂ ಹೇರಳವಾದ ಆಹಾರ ಬೇಕು. ಎರಡನ್ನೂ ಒಟ್ಟಿಗೆ ನಡೆಸುವುದು ಕಷ್ಟ. ಮರಿಗಳು ಗೂಡು ಬಿಟ್ಟ ಬಳಿಕವೇ ಸಾಮಾನ್ಯವಾಗಿ ಗರಿಗಳ ಸರದಿ. ಅಮೆರಿಕದ ನೀಲಿ ಜೇ, ಕಾರ್ಡಿನಲ್ ಹಕ್ಕಿಗಳು ಬೇಸಗೆಯ ಕೊನೆಯಲ್ಲಿ ಬೋಳಾಗುವುವೆಂದು ಇಂಗ್ಲಿಷಿನಲ್ಲಿ ಓದಿದವರು ಅದನ್ನು ನಮ್ಮ ವೈಶಾಖಕ್ಕೆ ಹೊಂದಿಸಬಾರದು. ಅವರ ಬೇಸಗೆಯ ಕೊನೆಯೆಂದರೆ ಆಗಸ್ಟ್, ನಮ್ಮ ಶ್ರಾವಣ. ನಮ್ಮ ಗೊರವಂಕವು ಬೇಸಗೆಯಲ್ಲಿ ತೊಡಗಿ ಮಳೆಗಾಲದವರೆಗೂ ಮರಿ ಮಾಡುವುದರಿಂದ, ಗರಿ ಬಿಡುವುದೂ ಹೆಚ್ಚಾಗಿ ಮಳೆಯ ತಿಂಗಳುಗಳಲ್ಲಿಯೇ. ನವಿಲು ಮಳೆಗಾಲದ ಕೊನೆಗೆ ತನ್ನ ವೈಭವವನ್ನೆಲ್ಲ ಉದುರಿಸುವುದೂ ಇದೇ ನಿಯಮದಿಂದ.

ತಿಂಗಳುಗಟ್ಟಲೆ ಬೋಳಾಗಿಯೇ ಉಳಿದರೆ ನುಸಿ, ಹೇನುಗಳನ್ನು ಶಂಕಿಸಬಹುದು. ಮೈಯನ್ನೆಲ್ಲ ಕೊಕ್ಕಿನಿಂದ ತೀಡಿಕೊಳ್ಳಬಲ್ಲ ಹಕ್ಕಿಗೆ ತನ್ನ ತಲೆ ಮಾತ್ರ ಎಟುಕದು. ಕಾಲಿನಿಂದ ಕೆರೆದುಕೊಳ್ಳಬೇಕು, ಇಲ್ಲವೆ ಹರಟೆಮಲ್ಲಗಳಂತೆ ಒಂದರ ತಲೆಯನ್ನೊಂದು ತೀಡಬೇಕು.

ಇನ್ನು ಎಣ್ಣೆಯ ಮಾತು. ಮೊಳೆಯುವ ಗರಿಗಳು ಮುಳ್ಳಿನಂತೆ ಕಂಡರೂ ಅವುಗಳೊಳಗೆ ರಕ್ತ ಹರಿಯುತ್ತಿರುತ್ತದೆ. ತಿಕ್ಕಿದರೆ ಮುರಿದು ಸೋರುವುದು. ಎಣ್ಣೆಯು ಮೈಯ ಪುಕ್ಕಗಳಿಗೆ ಅಂಟಿತೆಂದರೆ ಮಳೆಚಳಿಗಳನ್ನು ತಡೆಯುವ ಶಕ್ತಿಯೇ ಹೋಗುತ್ತದೆ. ಉಪಕಾರ ಮಾಡಲೇಬೇಕೆನಿಸಿದರೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಗಿಡಗಳಿಗೆ ಕೀಟನಾಶಕ ಸಿಂಪಡಿಸುವುದನ್ನು ನಿಲ್ಲಿಸಬಹುದು. ಗರಿ ಕಟ್ಟಲು ಬೇಕಾದ ಸಸಾರಜನಕವು ಗೊರವಂಕಕ್ಕೆ ದೊರೆಯುವುದು ಹೆಚ್ಚಾಗಿ ಆ ಹುಳುಗಳಿಂದಲೇ.