ಪಶ್ಚಿಮಕ್ಕಷ್ಟೇ ಅಲ್ಲ, ಪೂರ್ವಕ್ಕೂ ನೋಡಿ

ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಗಾಡಿಗಳೆಲ್ಲ ದಾಂಡೇಲಿ, ಯಲ್ಲಾಪುರ, ಜೋಗದ ಕಡೆಗೇ ಮುಖ ಮಾಡುತ್ತವೆ. ಕಾಡು, ಜಲಪಾತ ಇದ್ದರೆ ಮಾತ್ರ ನಿಸರ್ಗ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಇದರಿಂದ ಪೂರ್ವದ ಬಯಲಿಗೆ ಆಗಿರುವ ಅನ್ಯಾಯ ಸಣ್ಣದಲ್ಲ.

ತಪ್ಪು ಕಲ್ಪನೆ: ಹುಲ್ಲಿನ ಬಯಲು ಎಂದರೆ ಪಾಳು ಭೂಮಿ, ಅಲ್ಲಿ ಗಿಡ ಹಚ್ಚಿದರೆ ಉದ್ಧಾರ.

ವಾಸ್ತವ: ಅವಳಿನಗರದಲ್ಲಿ ನಾವು ದಿನವೂ ‘ಚಿಗರಿ’ ಬಸ್ ಹತ್ತುತ್ತೇವೆ. ನಿಜವಾದ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ನೋಡಬೇಕೆಂದರೆ ರಾಣೆಬೆನ್ನೂರಿಗೆ ಹೋಗಬೇಕು. ಅಲ್ಲಿನ 119 ಚದರ ಕಿ.ಮೀ. ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ದೂರದಿಂದಲೇ ವೈರಿಯನ್ನು ಕಂಡು ಓಡಿ ಪಾರಾಗುವ ಪ್ರಾಣಿ ಅದು. ಬದುಕಲು ಅದಕ್ಕೆ ತೆರೆದ ಬಯಲೇ ಬೇಕು. ಆದರೆ ಅಲ್ಲಿನ ಹುಲ್ಲುನೆಲದ ಬಹುಭಾಗಕ್ಕೆ ನೀಲಗಿರಿ ನೆಡಲಾಯಿತು. ಒಂದು ಕಾಲಕ್ಕೆ ಕಾಣಸಿಗುತ್ತಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗ ಅಲ್ಲಿಲ್ಲ. ತೋಳ, ನರಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು, ಕುರುಬರ ಕುರಿಹಿಂಡು, ಇವೆಲ್ಲಕ್ಕೂ ಗಾಯರಾಣವೇ, ಅಂದರೆ ಹುಲ್ಲುಗಾವಲೇ, ಆಸರೆ. ಅದನ್ನು ಪಾಳು ಎನ್ನುವುದು ನನಗೆ ಒಪ್ಪಿತವಲ್ಲ.

ಅಮೆರಿಕವೂ ಇದೇ ತಪ್ಪು ಮಾಡಿತ್ತು. ಬಿಸಿನೀರ ಬುಗ್ಗೆಗಳ ಯೆಲ್ಲೋಸ್ಟೋನ್ 1872ರಲ್ಲೇ ರಾಷ್ಟ್ರೀಯ ಉದ್ಯಾನವಾಯಿತು. ಎತ್ತರದ ಹುಲ್ಲಿನ ಪ್ರೇರಿ ಬಯಲು ಮಾತ್ರ ನೇಗಿಲ ಪಾಲಾಗಿ, ಶೇಕಡಾ 4ಕ್ಕಿಂತ ಕಡಿಮೆ ಉಳಿಯಿತು. ಕಾನ್ಸಾಸ್‌ನಲ್ಲಿ ಅದಕ್ಕೊಂದು ರಾಷ್ಟ್ರೀಯ ರಕ್ಷಿತ ತಾಣ ಸಿಕ್ಕಿದ್ದು 1996ರಲ್ಲಿ. ಅಲ್ಲೀಗ ಮರಗಳು ಹುಲ್ಲನ್ನು ನುಂಗದಂತೆ ಬೇಕೆಂದೇ ಬೆಂಕಿ ಹಚ್ಚುತ್ತಾರೆ, ಕಾಡೆಮ್ಮೆಗಳನ್ನು ಮೇಯಿಸುತ್ತಾರೆ.

ತಪ್ಪು ಕಲ್ಪನೆ: ಅವಳಿನಗರ ಬಯಲುಸೀಮೆ, ಮಲೆನಾಡಿಗೂ ಅದಕ್ಕೂ ನಂಟಿಲ್ಲ.

ವಾಸ್ತವ: ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಬೇಡ್ತಿಯನ್ನು ಸೇರುತ್ತದೆ, ಆ ನೀರು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಹುಬ್ಬಳ್ಳಿಯ ಪೂರ್ವಕ್ಕೆ ಬಿದ್ದ ಮಳೆಯಾದರೋ ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯ ದಾರಿ ಹಿಡಿದು ಬಂಗಾಳ ಕೊಲ್ಲಿಗೆ. ಮಲೆನಾಡು, ಬಯಲು ಕೂಡುವ ಅಂಚಿನಲ್ಲೇ ನಾವಿದ್ದೇವೆ.

ತಪ್ಪು ಕಲ್ಪನೆ: ಮಾಗಡಿ ಕೆರೆಗೆ ಹಕ್ಕಿಗಳು ಸೈಬೀರಿಯಾದಿಂದ ಮೀನು ತಿನ್ನಲು ಬರುತ್ತವೆ.

ವಾಸ್ತವ: ಲಕ್ಷ್ಮೇಶ್ವರದ ಬಳಿಯ ಈ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳ ತವರು ಮಂಗೋಲಿಯಾ, ಟಿಬೆಟ್. ಹಿಮಾಲಯ ದಾಟಿ ಬರುವ ಇವು ಮುಖ್ಯವಾಗಿ ಸಸ್ಯಾಹಾರಿಗಳು. ಹಗಲು ನೀರಿನಲ್ಲಿ ತಂಗಿ, ಸಂಜೆಯಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಹೀಗಾಗಿ ಕೆರೆಗೆ ಬೇಲಿ ಹಾಕಿದರೆ ಸಾಲದು, ಹೊಲಗಳೂ ಅವುಗಳ ಪಾಲಿಗೆ ಉಳಿದಿರಬೇಕು. 2024ರಲ್ಲಿ ಈ ಕೆರೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎನಿಸಿತು.

ತಪ್ಪು ಕಲ್ಪನೆ: ಒಮ್ಮೆ ಸರಕಾರಿ ಆದೇಶ ಹೊರಬಿದ್ದರೆ ಗುಡ್ಡ ಉಳಿದಂತೆ.

ವಾಸ್ತವ: ಗದಗದ ಕಪ್ಪತಗುಡ್ಡ 2015ರಲ್ಲಿ ಸಂರಕ್ಷಿತ ಪ್ರದೇಶವಾಯಿತು, 2016ರಲ್ಲಿ ಆ ಮಾನ್ಯತೆ ಕಳೆದುಕೊಂಡಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿಗಳ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಅದು ಮರಳಿ ಸಿಕ್ಕಿತು. 2019ರಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡದ ಒಡಲಲ್ಲಿ ಚಿನ್ನ, ಕಬ್ಬಿಣದ ಅದಿರೂ ಇದೆ. ಧಾಮವಾದ ಮೇಲೂ ಅದರ ಅಂಚಿನಲ್ಲಿ ಗಣಿಗಾರಿಕೆಯ ಪ್ರಸ್ತಾವಗಳು ನಿಂತಿಲ್ಲ.