ಕುಂಟುವ ನಾಯಿಯ ಎದೆಗೂ ಕಿವಿಗೊಡಿ

ದೊಡ್ಡ ತಳಿಯ ನಡುವಯಸ್ಸಿನ ನಾಯಿ ಜ್ವರ ಬಂದು ಮಂಕಾಗಿದೆ. ಇವತ್ತು ಮುಂಗಾಲು ಎಳೆಯುತ್ತದೆ, ಎರಡು ದಿನ ಬಿಟ್ಟು ಹಿಂಗಾಲು. ಕೀಲುನೋವೆಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಜ್ವರದ ಜೊತೆ ಹೀಗೆ ಕಾಲು ಬದಲಿಸಿ ಕುಂಟುವುದು ಹೃದಯದ ಕವಾಟಕ್ಕೆ ತಗುಲಿದ ಸೋಂಕಿನ ಲಕ್ಷಣವೂ ಆಗಿರಬಹುದು.

ನುಣುಪಾದ, ಆರೋಗ್ಯವಂತ ಕವಾಟದ ಮೇಲೆ ಬ್ಯಾಕ್ಟೀರಿಯಾ ಸುಲಭಕ್ಕೆ ನೆಲೆಯೂರವು. ಕೆಲವು ನಾಯಿಗಳಲ್ಲಿ ಹುಟ್ಟುದೋಷವೇ ಅವಕ್ಕೆ ಜಾಗ ಮಾಡಿಕೊಡುತ್ತದೆ. ನ್ಯೂಫೌಂಡ್‌ಲ್ಯಾಂಡ್, ಬಾಕ್ಸರ್, ರಾಟ್‌ವೀಲರ್, ಗೋಲ್ಡನ್ ರಿಟ್ರೀವರ್ ತಳಿಗಳಲ್ಲಿ ಮಹಾಪಧಮನಿಯ ಕವಾಟದ ಕೆಳಗೇ ನಾರಿನಂಥ ಅಂಗಾಂಶ ಬೆಳೆದು ರಕ್ತದ ದಾರಿ ಕಿರಿದಾಗುವುದುಂಟು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸದಿಂದ ಚಿಮ್ಮುತ್ತದಲ್ಲ, ಹಾಗೆ ರಕ್ತ ಕವಾಟಕ್ಕೆ ಅಪ್ಪಳಿಸುತ್ತದೆ. ಒಳಪದರ ಗಾಯಗೊಳ್ಳುತ್ತದೆ; ಅಲ್ಲಿ ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ ಕಟ್ಟಿಕೊಳ್ಳುತ್ತವೆ. ಚರ್ಮದ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ರಕ್ತಕ್ಕಿಳಿದ ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್‌ಗಳು ಅದಕ್ಕೇ ಅಂಟಿ ಬೆಳೆಯುತ್ತವೆ. ಅದರ ಚೂರು ಕಳಚಿ ಮೂತ್ರಪಿಂಡಕ್ಕೋ ಮಿದುಳಿಗೋ ಹೋಗಿ ಸಿಕ್ಕಿಕೊಂಡರೆ ಅಲ್ಲೂ ಹಾನಿ. ಹುಟ್ಟುದೋಷವಿಲ್ಲದ ನಾಯಿಗೂ ಈ ಸೋಂಕು ಬರುತ್ತದೆ, ನಿಜ. ಆದರೆ ದೋಷವಿದ್ದಲ್ಲಿ ಅಪಾಯ ಹೆಚ್ಚು.

ರಕ್ತದ ಕಲ್ಚರ್ ಮತ್ತು ಎಕೋ ಪರೀಕ್ಷೆಯಿಂದ ರೋಗ ಪತ್ತೆಯಾಗುತ್ತದೆ. ಆ್ಯಂಟಿಬಯಾಟಿಕ್ ವಾರಗಟ್ಟಲೆ ಕೊಡಬೇಕು. ಅಷ್ಟು ಮಾಡಿದರೂ ಮಹಾಪಧಮನಿಯ ಕವಾಟವೇ ಕೆಟ್ಟಿದ್ದರೆ ಬಹಳ ನಾಯಿಗಳು ಉಳಿಯುವುದಿಲ್ಲ.

ಎಲ್ಲ ಹುಟ್ಟುದೋಷಗಳೂ ಇಷ್ಟು ಕಠೋರವಲ್ಲ. ಗರ್ಭದಲ್ಲಿ ಶ್ವಾಸಕೋಶವನ್ನು ಬಳಸಿ ಹೋಗಲು ರಕ್ತಕ್ಕೊಂದು ನಾಳವಿರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚದೆ ಉಳಿದರೆ, ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಿಂದಲೋ ಕ್ಯಾಥೆಟರ್ ಮೂಲಕವೋ ಮುಚ್ಚಬಹುದು. ಬಹಳಷ್ಟು ನಾಯಿಗಳು ಆಮೇಲೆ ಚೆನ್ನಾಗಿ ಬದುಕುತ್ತವೆ.

ಈ ದೋಷಗಳು ಅನುವಂಶೀಯ ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಪ್ಯಾಟರ್ಸನ್ ದಶಕಗಳ ಹಿಂದೆಯೇ ತೋರಿಸಿಕೊಟ್ಟರು. ಗೊತ್ತಿದ್ದೂ ಅಂಥ ನಾಯಿಯಿಂದ ಮರಿ ಮಾಡಿಸುವುದು ಕ್ರೌರ್ಯ. ಮರಿ ಕೊಳ್ಳುವ ಮುನ್ನ ತಾಯಿ-ತಂದೆ ನಾಯಿಗಳ ಹೃದಯ ಪರೀಕ್ಷೆಯಾಗಿದೆಯೇ ಎಂದು ಕೇಳಿ. ಲಸಿಕೆಗೆ ಹೋದಾಗ ಮರಿಯ ಎದೆಗೆ ಸ್ಟೆತಾಸ್ಕೋಪ್ ಇಡಿಸಿ. ಕವಾಟದ ಕೆಳಗಿನ ಆ ಇಕ್ಕಟ್ಟು ಮರಿ ಬೆಳೆದಂತೆ ಹೆಚ್ಚುವುದರಿಂದ, ಒಂದು ವರ್ಷ ತುಂಬಿದಾಗ ಇನ್ನೊಮ್ಮೆ ಕೇಳಿಸಿ.