ಕಾಲೇಜಿನ ಖರ್ಚು, ಮಕ್ಕಳ ಒಲವು

ಪಿ.ಯು.ಸಿ. ಫಲಿತಾಂಶ ಪ್ರಕಟವಾಯಿತೆಂದರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹಿರಿಯರು 'ಎಷ್ಟಾಗುತ್ತದೆ?' ಎನ್ನುತ್ತಾರೆ, ಮಕ್ಕಳು 'ನನಗೆ ಅದೇ ಬೇಕು' ಎನ್ನುತ್ತಾರೆ. ಖರ್ಚು ಹಿರಿಯರ ಚಿಂತೆ, ಒಲವು ಕಿರಿಯರ ಹಟ, ಇವೆರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನಾವು ಭಾವಿಸುವುದುಂಟು. ಮೂರು ದಶಕಗಳಿಗೂ ಮಿಕ್ಕಿ ತರಗತಿಯಲ್ಲಿ ನಿಂತವನಾಗಿ ನಾನು ಕಂಡ ಮಟ್ಟಿಗೆ, ಇವನ್ನು ಹೀಗೆ ಬೇರ್ಪಡಿಸಲು ಬರುವುದಿಲ್ಲ. ಮೆಸ್ಸಿನ ಬಾಕಿಯನ್ನು ನೆನೆಯುತ್ತ ಹಿಂದಿನ ಬೆಂಚಿನಲ್ಲಿ ಕುಗ್ಗಿ ಕುಳಿತ ಹುಡುಗನಿಗೆ ಎಷ್ಟು ಪ್ರಿಯವಾದ ವಿಷಯವೂ ರುಚಿಸದು. ಶುಲ್ಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಸೇರಿ, ಎರಡನೆಯ ವರ್ಷ ಬಿಟ್ಟುಹೋದವನಿಗಾದರೋ ಅದಕ್ಕಿಂತ ದುಬಾರಿಯಾದ ಕಾಲೇಜು ಮತ್ತೊಂದಿಲ್ಲ.

ಇದು ಇಂದಿನ ತೊಡಕೇನೂ ಅಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮುನ್ನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರು ಪದವಿ ಬೇಕೆಂದರೆ ಸಾಮಾನ್ಯವಾಗಿ ಪುಣೆಗೋ ಮುಂಬಯಿಗೋ ಹೊರಡಬೇಕಾಗಿತ್ತು. ಬೇಂದ್ರೆಯವರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದರು. ಪರಭಾಷೆಯ ಊರಿನಲ್ಲಿ ಕೋಣೆ, ಊಟ, ಹೋಗಿಬರುವ ರೈಲಿನ ದುಡ್ಡು, ಇಷ್ಟನ್ನು ತಾಳಬಲ್ಲ ಮನೆಗಳು ಎಷ್ಟಿದ್ದಾವು? ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಕಟ್ಟಡದಲ್ಲಿ ಮುಂದೆ ನೆಲೆನಿಂತ ಆ ಧಾರವಾಡದ ಕಾಲೇಜು ಮಾಡಿದ ದೊಡ್ಡ ಉಪಕಾರವೆಂದರೆ ಹತ್ತಿರ ಇದ್ದದ್ದು. ಎಷ್ಟೋ ವಿದ್ಯಾರ್ಥಿವೇತನಗಳು ಮಾಡಲಾರದ ಕೆಲಸವನ್ನು ಈ ಸಾಮೀಪ್ಯ ಮಾಡಿತು.

ಹಳೆಯ ತಲೆಮಾರಿನವರ ಆತ್ಮಕಥೆಗಳನ್ನು ಓದಿದವರಿಗೆ ವಾರಾನ್ನವೆಂಬ ಮಾತು ಹೊಸದಲ್ಲ. ವಾರದ ಏಳು ದಿನಕ್ಕೆ ಏಳು ಮನೆ. ಆರು ಮನೆ ಸಿಕ್ಕಿ ಏಳನೆಯದು ಸಿಗದಿದ್ದರೆ ಆ ದಿನ ಉಪವಾಸ. ಆಮೇಲೆ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆಯಂತಹ ಮಠಗಳ ಪ್ರಸಾದನಿಲಯಗಳೂ ಸರ್ಕಾರದ ಹಾಸ್ಟೆಲುಗಳೂ ಸಹಸ್ರಾರು ಬಡ ಮಕ್ಕಳ ಊಟದ ಚಿಂತೆಯನ್ನು ತೊಡೆದವು. ಸೂಕ್ಷ್ಮವಾಗಿ ನೋಡಿದರೆ, ಆ ಮಕ್ಕಳು ಆರಿಸಿಕೊಂಡದ್ದು ಕಾಲೇಜನ್ನಲ್ಲ, ಊಟ ಸಿಗುವ ಊರನ್ನು. ಕಾಲೇಜು ಅದರ ಬೆನ್ನಿಗೆ ಬಂತು.

ಇನ್ನು ಸೀಟಿನ ಬೆಲೆ. 1984ರಲ್ಲಿ ನಮ್ಮ ರಾಜ್ಯ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ ಕಾಯಿದೆ ಮಾಡಿತು. ಆ ಕಾಯಿದೆಯಡಿ 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಗೊತ್ತುಪಡಿಸಿದ ವಾರ್ಷಿಕ ಶುಲ್ಕವನ್ನು ನೋಡಿ: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000. ಒಂದೇ ಬೆಂಚು, ಒಂದೇ ಪಾಠ, ಬೆಲೆ ಮೂರು! ಇದು ಮೋಹಿನಿ ಜೈನ್ ಪ್ರಕರಣವಾಗಿ 1992ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿಗೆ ಬಂತು, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಹತೆಯ ಮೇಲೆ ಹಂಚುವ ಉಚಿತ ಸೀಟು, ಪಾವತಿ ಸೀಟುಗಳ ವ್ಯವಸ್ಥೆಯಾಯಿತು, 1994ರಲ್ಲಿ ಸಿ.ಇ.ಟಿ. ಬಂತು. 2002ರ ಟಿ.ಎಂ.ಎ. ಪೈ ತೀರ್ಪು ಉನ್ನಿಕೃಷ್ಣನ್ ವ್ಯವಸ್ಥೆಯನ್ನು ತೆಗೆದುಹಾಕಿದರೂ ಸಿ.ಇ.ಟಿ. ಉಳಿಯಿತು. ಇದರಿಂದ ಬಡವನ ಮಗನಿಗೂ ಒಂದು ಬಾಗಿಲು ತೆರೆಯಿತೆಂಬುದು ನಿಜ. ಆದರೆ ರ‍್ಯಾಂಕಿನ ಸಂಖ್ಯೆಯೇ ಒಲವಿನ ಅಳತೆಗೋಲೆಂಬ ಭ್ರಮೆಯೂ ಆ ಬಾಗಿಲಿನಿಂದಲೇ ಒಳಗೆ ಬಂದಿತು.

ನಿವೃತ್ತಿಗೆ ಕೆಲವು ವರ್ಷ ಮುಂಚೆ ಬೆಳವಲದ ರೈತರೊಬ್ಬರು ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. "ಸರ, ಒಂದ್ ಎಕರೆ ಕೊಟ್ಟ್ರ ಬೆಂಗಳೂರಾಗ ಇಂಜಿನಿಯರಿಂಗ್ ಸೀಟ ಆಗತೈತ್ರಿ. ಹುಡುಗ ಮಾತ್ರ ಹೂಂನೂ ಅನ್ನವಲ್ಲ, ಊಹೂಂನೂ ಅನ್ನವಲ್ಲರಿ." ತಂದೆಯವರನ್ನು ಚಹಾಕ್ಕೆ ಕಳಿಸಿ ಹುಡುಗನನ್ನು ವಿಚಾರಿಸಿದೆ. "ನನಗ ಗಣಿತ ಓದೂದೈತ್ರಿ. ಬಿ.ಎಸ್ಸಿ. ಅಂದ್ರ ಅಪ್ಪಗ ಸಣ್ಣದನಸತೈತಿ" ಎಂದ. ಮೂವರೂ ಕಾಗದ ಪೆನ್ನು ಹಿಡಿದು ಕುಳಿತೆವು. ಶುಲ್ಕವನ್ನು ಆ ತಂದೆ ಚೆನ್ನಾಗಿ ತಿಳಿದುಕೊಂಡಿದ್ದರು. ಕೋಣೆ, ಮೆಸ್ಸು, ಊರಿಗೆ ಓಡಾಟ, ಇವನ್ನು ಬರೆದಿರಲಿಲ್ಲ. ತಿಂಗಳಿಗೆ 6,000 ಎಂದು ಹಿಡಿದರೂ ಹತ್ತು ತಿಂಗಳಿಗೆ 60,000, ನಾಲ್ಕು ವರ್ಷಕ್ಕೆ 2,40,000. ಒಂದು ಎಕರೆ ಸಾಲದು, ಮೇಲೆ ಸಾಲ ಬೇಕು. ಬ್ಯಾಂಕುಗಳ ಮಾದರಿ ಶೈಕ್ಷಣಿಕ ಸಾಲದಲ್ಲಿ ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷವಾದ ಮೇಲೆ. ಬಡ್ಡಿ ಬೆಳೆಯುವುದು ಹಣ ಪಡೆದಂದಿನಿಂದ. ತಂದೆ ಬಹಳ ಹೊತ್ತು ಆ ಕಾಗದವನ್ನೇ ನೋಡಿದರು. ಹುಡುಗ ಬಿ.ಎಸ್ಸಿ.ಗೆ ಸೇರಿದ, ಈಗ ಗಣಿತದ ಮೇಷ್ಟರು. ಬೆಂಗಳೂರಿಗೆ ಹೋಗಿದ್ದರೆ ಇದಕ್ಕಿಂತ ಹೆಚ್ಚು ಗಳಿಸುತ್ತಿದ್ದನೋ ಏನೋ. ತಂದೆಗೆ ಆ ಅನುಮಾನ ಇನ್ನೂ ಇದೆ, ಅದನ್ನು ಅಲ್ಲಗಳೆಯಲು ನನ್ನಲ್ಲಿ ಆಧಾರವಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಲೆಕ್ಕ ಇನ್ನೂ ನಿರ್ದಯವಾದುದು. ವಿಜ್ಞಾನವನ್ನು ಬಯಸಿಯೂ ಕಲಾ ವಿಭಾಗಕ್ಕೆ ಬಂದ ಹುಡುಗಿಯರನ್ನು ನನ್ನ ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಪ್ರಯೋಗಾಲಯ ಸಂಜೆ ಐದಕ್ಕೆ ಮುಗಿದರೆ ಊರಿನ ಬಸ್ಸು ನಾಲ್ಕಕ್ಕೇ ಹೊರಟಿರುತ್ತಿತ್ತು! ಕನ್ನಡ ಮೇಷ್ಟರಾದ ನಮಗೆ ಒಳ್ಳೆಯ ವಿದ್ಯಾರ್ಥಿನಿಯರು ದೊರೆತರೆಂದು ನಾವು ಹಿಗ್ಗಬೇಕೋ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ಕೊಡಬೇಕಾಗಿಲ್ಲವೆಂದಾದಾಗ, ಮನೆಯಿಂದಲೇ ಓಡಾಡಿ ಓದುವವರ ಖರ್ಚು ಇಳಿಯಿತು. ಬಸ್ಸಿನ ವೇಳೆಯ ತೊಡಕು ಅದರಿಂದ ತೀರುವಂಥದಲ್ಲ.

ಒಲವಿಗೂ ಆಸರೆ ಬೇಕು. ಕುವೆಂಪು ಅವರು ಬಿ.ಎ.ಯಲ್ಲಿ ಓದಿದ್ದು ತತ್ತ್ವಶಾಸ್ತ್ರ, 1929ರಲ್ಲಿ ಎಂ.ಎ. ಆದದ್ದು ಕನ್ನಡದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಅದೇ ಹೊಸದಾಗಿ ತೆರೆದಿತ್ತು. ಮಲೆನಾಡಿನಿಂದ ಬಂದ ಆ ತರುಣರಿಗೆ ಶ್ರೀರಾಮಕೃಷ್ಣಾಶ್ರಮದಲ್ಲಿ ನೆಲೆಯೂ ದೊರೆತಿತ್ತು. ಇಂದು ಐಚ್ಛಿಕ ಕನ್ನಡ ಬೇಕೆನ್ನುವ ಹುಡುಗಿ ತನ್ನ ಊರಿನ ಕಾಲೇಜಿನಲ್ಲಿ ಆ ವಿಷಯ ಉಂಟೇ, ಕಾಯಂ ಅಧ್ಯಾಪಕರು ಇದ್ದಾರೆಯೇ ಎಂದು ಕೇಳಿಯೇ ಅರ್ಜಿ ತುಂಬಬೇಕಾಗಿದೆ.

ಈ ಮಾತನ್ನು ಕೇಳುತ್ತಿರುವ ತಾಯಿತಂದೆಗಳಲ್ಲಿ ನನ್ನದೊಂದು ಕೋರಿಕೆ. ವಾರ್ಷಿಕೋತ್ಸವದ ದಿನ ಕಾಲೇಜನ್ನು ನೋಡಬೇಡಿ, ಸಾಧಾರಣ ಮಂಗಳವಾರವೊಂದರಲ್ಲಿ ಮಗುವಿನೊಡನೆ ಹೋಗಿ. ಗ್ರಂಥಾಲಯದಲ್ಲಿ ಪುಸ್ತಕ ಮನೆಗೆ ಕೊಡುತ್ತಾರೆಯೇ, ಬೀರುವಿಗೆ ಬೀಗ ಹಾಕಿದ್ದಾರೆಯೇ ಕಣ್ಣಾರೆ ನೋಡಿ. ಹಾಸ್ಟೆಲಿನ ಊಟದ ಬಗ್ಗೆ ವಾರ್ಡನರನ್ನಲ್ಲ, ಉಣ್ಣುವ ಹುಡುಗರನ್ನು ಕೇಳಿ.

ಆಯ್ಕೆ ತಪ್ಪಿತೆಂದು ಕಂಡರೂ ಕಟ್ಟಿದ ದುಡ್ಡು ಹೋಗುತ್ತದೆ, ಅಂಕಪಟ್ಟಿ ಕಾಲೇಜಿನಲ್ಲಿದೆ ಎಂದು ಅಲ್ಲೇ ಉಳಿದುಬಿಡುವವರು ಅನೇಕರು. ಯು.ಜಿ.ಸಿ. 2018ರಲ್ಲಿ ಹೊರಡಿಸಿದ ಸೂಚನೆಯಂತೆ ಕಾಲೇಜು ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಆಗಲೇ ಹಿಂದಿರುಗಿಸಬೇಕು, ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕಡೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ ಶುಲ್ಕದ ಶೇಕಡಾ 80, 30 ದಿನದೊಳಗೆ ಬಿಟ್ಟರೆ 50 ಹಿಂದಕ್ಕೆ ಬರಬೇಕೆಂದೂ ಅದರಲ್ಲಿದೆ. ಆಮೇಲಿನ ಕೆಲವು ವರ್ಷಗಳಲ್ಲಿ ಇನ್ನೂ ಉದಾರವಾದ ಗಡುವು ಕೊಟ್ಟಿದ್ದುಂಟು. ಆಯಾ ವರ್ಷದ ಸುತ್ತೋಲೆಯನ್ನು ನೋಡಿಕೊಂಡು, ಶುಲ್ಕದ ರಸೀತಿಯನ್ನು ಜೋಪಾನವಾಗಿಟ್ಟು, ಮೊದಲ ತಿಂಗಳಲ್ಲಿಯೇ ಮಗುವನ್ನು ಒಮ್ಮೆ ಕೂರಿಸಿಕೊಂಡು ಕೇಳಿ, 'ಇಲ್ಲಿ ಒಗ್ಗುತ್ತಿದೆಯೇ?' ಎಂದು.